ವರ್ಷಕ್ಕೊಮ್ಮೆ ಮಾರಾಟವಾಗುವ ವಾಷರ್

ನಲ್ಲಿ ತೊಟ್ಟಿಕ್ಕುತ್ತಿತ್ತು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಬಾಡಿಗೆ ಮನೆ. ರಾತ್ರಿ ಹನ್ನೊಂದು ದಾಟಿತೆಂದರೆ ಅಡುಗೆಮನೆಯ ಆ ಸದ್ದು ಮಲಗುವ ಕೋಣೆಗೇ ಬಂದು ಕೂರುತ್ತಿತ್ತು. ಮನೆ ಮಾಲೀಕರಿಗೆ ಫೋನ್ ಮಾಡಬಹುದಿತ್ತು. ಆದರೆ ನಾನು ತಿಪಟೂರಿನ ಕಡೆಯವನು, ತೋಟದ ಪಂಪ್‌ಸೆಟ್ ಬಿಚ್ಚಿ ಕಟ್ಟುವುದನ್ನು ನೋಡುತ್ತಾ ಬೆಳೆದವನು. ಒಂದು ನಲ್ಲಿಗೆ ಇನ್ನೊಬ್ಬರನ್ನು ಕರೆಯುವುದು ಅವಮಾನ ಅನ್ನಿಸಿತು. ಶನಿವಾರ ಬೆಳಿಗ್ಗೆ ನೀರು ನಿಲ್ಲಿಸಿ ಬಿಚ್ಚಿದೆ. ಒಳಗಿದ್ದ ಹಿತ್ತಾಳೆಯ ಕಡ್ಡಿಯನ್ನು ಪೇಪರ್ ಟವೆಲ್‌ನಲ್ಲಿ ಸುತ್ತಿಕೊಂಡು ಸ್ಯಾನ್ ಕಾರ್ಲೋಸ್ ರಸ್ತೆಯ ಆರ್ಚರ್ಡ್ ಸಪ್ಲೈ ಹಾರ್ಡ್‌ವೇರ್ ಅಂಗಡಿಗೆ ಹೋದೆ. ದೊಡ್ಡ ಬಾಣದ ಗುರುತಿನ ನಿಯಾನ್ ಬೋರ್ಡ್ ಇದ್ದ ಅಂಗಡಿ ಅದು. ಸ್ಯಾನ್ ಹೋಸೆಯಲ್ಲಿ ಇದ್ದವರಿಗೆ ಆ ಬಾಣ ನೆನಪಿರುತ್ತದೆ.

ಪ್ಲಂಬಿಂಗ್ ಸಾಲಿನಲ್ಲಿ ಏಪ್ರನ್ ಕಟ್ಟಿಕೊಂಡ ಒಬ್ಬ ಮುದುಕ ನಿಂತಿದ್ದ. ನಾನು ಬಾಯಿ ತೆರೆಯುವ ಮೊದಲೇ ಪೊಟ್ಟಣ ಇಸಕೊಂಡ. ಕಡ್ಡಿಯನ್ನು ಬೆಳಕಿಗೆ ಹಿಡಿದು ಒಮ್ಮೆ ತಿರುಗಿಸಿದ. ಬಿಸಿನೀರಿನದ್ದಾ, ತಣ್ಣೀರಿನದ್ದಾ ಎಂದು ಕೇಳಿದ. ಬಿಸಿನೀರಿನದ್ದು ಎಂದೆ. ತಲೆಯಾಡಿಸಿ, ಸಣ್ಣ ಸಣ್ಣ ಡ್ರಾಯರ್‌ಗಳ ಗೋಡೆಯಿಂದ ಒಂದನ್ನು ಎಳೆದು ಕಪ್ಪು ವಾಷರ್ ತೆಗೆದ. ಕೊಡಲಿಲ್ಲ. "ಮನೆಗೆ ಹೋಗಿ ಮೊದಲು ನಲ್ಲಿಯೊಳಗೆ ಬೆರಳು ಹಾಕು" ಎಂದ. "ವಾಷರ್ ಕೂರುವ ಜಾಗ ನುಣ್ಣಗಿದ್ದರೆ ಸರಿ. ಒರಟಾಗಿದ್ದರೆ ಅದು ಹೊಸ ವಾಷರನ್ನೂ ಒಂದು ತಿಂಗಳಲ್ಲಿ ತಿಂದು ಹಾಕುತ್ತೆ. ಆಗ ಆ ಸೀಟನ್ನೇ ಬದಲಿಸಬೇಕು."

ವಾಷರ್‌ಗೆ ಒಂದು ಡಾಲರ್ ಕೂಡ ಆಗಲಿಲ್ಲ. ಆದರೆ ನಾನು ಅಲ್ಲಿಂದ ಹೊರಬಂದಾಗ ಕೈಯಲ್ಲಿ ಸೀಟ್ ಬಿಚ್ಚುವ ಸ್ಪ್ಯಾನರ್, ಒಂದು ಡಬ್ಬಿ ಗ್ರೀಸ್, ಹಿತ್ತಲಿಗೆ ಎರಡು ಮೆಣಸಿನ ಸಸಿ ಇದ್ದವು. ಬಿಲ್ ಮೂವತ್ತು ಡಾಲರ್ ದಾಟಿತ್ತು. ಈ ಬಿಲ್ಲನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಆ ಅಂಗಡಿಯ ಹೆಸರಿನಲ್ಲೇ ಅದರ ಕಥೆ ಇದೆ. ಆರ್ಚರ್ಡ್ ಅಂದರೆ ಹಣ್ಣಿನ ತೋಟ. ಇವತ್ತು ಸಿಲಿಕಾನ್ ವ್ಯಾಲಿ ಅನ್ನುವ ಜಾಗ ಆಗ ಪ್ರೂನ್, ಏಪ್ರಿಕಾಟ್, ಚೆರ್ರಿ ತೋಟಗಳ ಕಣಿವೆಯಾಗಿತ್ತು. 1931, ಆರ್ಥಿಕ ಕುಸಿತದ ಕಾಲ. ಮೂವತ್ತು ಜನ ರೈತರು ತಲಾ ಮೂವತ್ತು ಡಾಲರ್ ಹಾಕಿ, ತೋಟಕ್ಕೆ ಬೇಕಾದ ಸಾಮಾನನ್ನು ಒಟ್ಟಿಗೆ ಸಗಟಾಗಿ ಕೊಳ್ಳೋಣ ಎಂದು ಒಂದು ಸಹಕಾರ ಸಂಘ ಮಾಡಿಕೊಂಡರು. ನಮ್ಮ ತಾಲೂಕುಗಳ ಟಿಎಪಿಸಿಎಂಎಸ್, ಅಂದರೆ ರೈತರ ಮಾರಾಟ ಸಹಕಾರ ಸಂಘ, ನೋಡಿದವರಿಗೆ ಇದು ಹೊಸದೇನಲ್ಲ. ಕೊಳ್ಳುವವರೇ ಮಾಲೀಕರು. ಸುಗ್ಗಿಯ ಹೊತ್ತಿಗೆ ಏಣಿಯ ಮೆಟ್ಟಿಲು ಮುರಿದರೆ, ಪಂಪಿನ ವಾಲ್ವ್ ಕೆಟ್ಟರೆ, ಆವತ್ತೇ ಸಿಗಬೇಕು. ಹಣ್ಣು ನಾಳೆಯವರೆಗೆ ಕಾಯುವುದಿಲ್ಲ. ಯಾವ ಪಾರ್ಟ್ ವರ್ಷಕ್ಕೆ ಎಷ್ಟು ಮಾರಾಟವಾಗುತ್ತದೆ ಎಂದು ಅಲ್ಲಿ ಯಾರೂ ಮೊದಲು ಕೇಳಿರಲಿಕ್ಕಿಲ್ಲ. ಇರಬೇಕು, ಅಷ್ಟೇ.

1950ರ ದಶಕದಲ್ಲಿ ಸಂಘ ಹೋಗಿ ಕಂಪನಿ ಆಯಿತು. ತೋಟಗಳು ಹೋಗಿ ಬಡಾವಣೆ ಬಂದವು, ರೈತರ ಜಾಗಕ್ಕೆ ಮನೆ ರಿಪೇರಿಯವರು ಬಂದರು. ಆಮೇಲೆ ಶುರುವಾಯಿತು ಕೈಬದಲು. ಒಂದು ಕೆಮಿಕಲ್ ಕಂಪನಿಯ ಕೈಗೆ, ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ಹಣ ಹೂಡುವವರ ಕೈಗೆ, 1996ರಲ್ಲಿ ಸಿಯರ್ಸ್ ಎಂಬ ದೊಡ್ಡ ಅಂಗಡಿ ಸರಪಳಿಯ ಕೈಗೆ. 2005ರಲ್ಲಿ ಸಿಯರ್ಸ್ ಮತ್ತು ಕೆಮಾರ್ಟ್ ಎಂಬ ಇನ್ನೊಂದು ಸರಪಳಿ ಒಂದಾದವು. ಅದೇ ವರ್ಷ ಆರ್ಚರ್ಡ್ ಹೆಸರಿನಲ್ಲಿ ದೊಡ್ಡ ಸಾಲ ಎತ್ತಿ, ಆ ಹಣವನ್ನು ಡಿವಿಡೆಂಡ್ ಎಂದು ಮಾಲೀಕರಿಗೆ ಹಂಚಿದರು. ಅಂಗಡಿಗೆ ಹೊಸ ಕಪಾಟು ಬರಲಿಲ್ಲ, ಬಡ್ಡಿ ಮಾತ್ರ ಬಂತು. 2011ರ ಕೊನೆಯಲ್ಲಿ ಸಿಯರ್ಸ್ ಅದನ್ನು ಬೇರೆ ಮಾಡಿ ಹೊರಗಿಟ್ಟಿತು. ಸಾಲ ಅದರ ತಲೆಯ ಮೇಲೇ ಇತ್ತು. ಒಂದೂವರೆ ವರ್ಷದಲ್ಲಿ, 2013ರ ಜೂನ್‌ನಲ್ಲಿ, ಅದು ದಿವಾಳಿ ಕೋರ್ಟಿಗೆ ಹೋಯಿತು. ಮನೆ ರಿಪೇರಿ ಸಾಮಾನು ಮಾರುವ ದೈತ್ಯ ಲೋವ್ಸ್ ಕಂಪನಿ ಬಹುಪಾಲು ಅಂಗಡಿಗಳನ್ನು 20.5 ಕೋಟಿ ಡಾಲರ್‌ಗೆ ಕೊಂಡಿತು. ಐದು ವರ್ಷ ನಡೆಸಿತು, ಹೊಸ ಅಂಗಡಿಗಳನ್ನೂ ತೆರೆಯಿತು. 2018ರ ಜುಲೈನಲ್ಲಿ ಲೋವ್ಸ್‌ಗೆ ಹೊಸ ಮುಖ್ಯಸ್ಥರು ಬಂದರು. ಆಗಸ್ಟ್‌ನಲ್ಲಿ, ಇರುವ 99 ಅಂಗಡಿಗಳನ್ನೂ ಮುಚ್ಚುತ್ತೇವೆ ಎಂದು ಪ್ರಕಟಿಸಿದರು.

ಸಾಲದ ಈ ಲೆಕ್ಕ ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು. ಊರಿನ ಭಾಷೆಯಲ್ಲಿ ಹೇಳುವುದಾದರೆ, ನೀವು ಎತ್ತು ಕೊಳ್ಳಲು ಸಾಲ ಮಾಡುತ್ತೀರಿ, ಆದರೆ ಸಾಲದ ಪತ್ರಕ್ಕೆ ನಿಮ್ಮ ಹೆಬ್ಬೆಟ್ಟಿನ ಬದಲು ಎತ್ತಿನ ಗೊರಸು ಒತ್ತಿಸುತ್ತೀರಿ. ದುಡಿದು ತೀರಿಸಬೇಕಾದದ್ದು ಎತ್ತು. ತೀರದಿದ್ದರೆ ಹೋಗುವುದೂ ಎತ್ತು. ಕೊಂಡವನ ಮನೆಯ ಹೆಂಚು ಕೂಡ ಅಲುಗಾಡುವುದಿಲ್ಲ. ಸಾಲ ಮಾಡಿ ಕಂಪನಿ ಕೊಳ್ಳುವವರ ದಾರಿ ಸಾಮಾನ್ಯವಾಗಿ ಇದೇ. ಆರ್ಚರ್ಡ್ ವಿಷಯದಲ್ಲಿ ಎತ್ತು ಆಗಲೇ ಕೊಟ್ಟಿಗೆಯಲ್ಲಿತ್ತು, ಸಾಲ ಆಮೇಲೆ ಬಂತು. ವ್ಯತ್ಯಾಸ ಅಷ್ಟೇ.

ಈಗ ಆ ಬಡ್ಡಿಗೆ ದುಡ್ಡು ಎಲ್ಲಿಂದ ಬರಬೇಕು? ಹಾರ್ಡ್‌ವೇರ್ ಅಂಗಡಿಯ ದುಡ್ಡು ಗಲ್ಲಾಪೆಟ್ಟಿಗೆಯಲ್ಲಿ ಇರುವುದಿಲ್ಲ, ಡ್ರಾಯರ್‌ಗಳಲ್ಲಿ ಇರುತ್ತದೆ. ಸ್ಟಾಕ್ ಇಳಿಸಿದರೆ ನಗದು ಸಿಗುತ್ತದೆ. ಯಾವ ಸ್ಟಾಕ್? ಓಡದ್ದು. ನಮ್ಮ ಎಸ್‌ಪಿ ರೋಡ್, ಜೆಸಿ ರೋಡ್ ವ್ಯಾಪಾರಿಗಳೂ ಅದನ್ನು ಡೆಡ್ ಸ್ಟಾಕ್ ಅನ್ನುತ್ತಾರೆ, ಆದರೆ ಅನ್ನುವಾಗ ಸ್ವಲ್ಪ ಹೆಮ್ಮೆ ಇರುತ್ತದೆ. "ಇದು ಎಲ್ಲೂ ಸಿಗಲ್ಲ ಸಾರ್, ನಮ್ಮ ಹತ್ರ ಡೆಡ್ ಸ್ಟಾಕ್‌ನಲ್ಲಿ ಇದೆ" ಅನ್ನುವ ಧಾಟಿ.

ಇಲ್ಲಿ ಒಂದು ತಪ್ಪೊಪ್ಪಿಗೆ. ಅಮೆರಿಕದಲ್ಲಿ ನಾನು ಮಾಡುತ್ತಿದ್ದ ಕೆಲಸ ಇದೇ. ಅಂಗಡಿ ಸರಪಳಿಗಳಿಗೆ ಸ್ಟಾಕ್ ಲೆಕ್ಕದ ಸಾಫ್ಟ್‌ವೇರ್ ಬರೆಯುವ ಕಂಪನಿ. ನಮ್ಮ ರಿಪೋರ್ಟ್‌ನಲ್ಲಿ ಒಂದು ವರ್ಷ ಮಾರಾಟವಾಗದ ಸಾಮಾನು ಹಳದಿ, ಎರಡು ವರ್ಷ ಆಗದಿದ್ದರೆ ಕೆಂಪು. ಕೆಂಪು ಅಂದರೆ ಕಪಾಟಿನಿಂದ ತೆಗೆ, ಮತ್ತೆ ತರಿಸಬೇಡ. ಆ ಬಣ್ಣ ಬರುವ ಕೋಡ್ ಬರೆದವನು ನಾನೇ. ನಾಲ್ಕೇ ಸಾಲು. ಚೆನ್ನಾಗಿಯೇ ಬರೆದಿದ್ದೆ, ಬೇಗ ಓಡುತ್ತಿತ್ತು.

ಲೆಕ್ಕ ತಪ್ಪೇನೂ ಅಲ್ಲ. ನೂರು ರೂಪಾಯಿಯ ಪಾರ್ಟ್ ಎರಡು ವರ್ಷ ಕೂತು ನೂರಎಂಬತ್ತಕ್ಕೆ ಹೋಯಿತು ಎಂದುಕೊಳ್ಳಿ. ಎಂಬತ್ತು ಲಾಭ. ಹಾಕಿದ ಹಣಕ್ಕೆ ನೂರಕ್ಕೆ ಹನ್ನೆರಡರಂತೆ ಇಪ್ಪತ್ತನಾಲ್ಕು ಬಡ್ಡಿ ಕಳೆಯಿರಿ. ಕೂತ ಜಾಗಕ್ಕೆ ಬಾಡಿಗೆ ಕಳೆಯಿರಿ. ಕೊಡುವಾಗ ಕೆಲಸಗಾರ ಹತ್ತು ನಿಮಿಷ ಮಾತಾಡಿದ, ಅದನ್ನೂ ಕಳೆಯಿರಿ. ಉಳಿಯುವುದು ಸೊನ್ನೆ, ಅಥವಾ ಅದಕ್ಕಿಂತ ಕೆಳಗೆ. ಅದೇ ಜಾಗದಲ್ಲಿ ವಾರಕ್ಕೆ ಹತ್ತು ಹೋಗುವ ಬ್ಯಾಟರಿ ಡ್ರಿಲ್ ಇಟ್ಟರೆ? ಯಾವ ಎಂಬಿಎ ಆದರೂ ಡ್ರಿಲ್ ಎನ್ನುತ್ತಾನೆ. ನಾನೂ ಎಂದಿದ್ದೆ.

ಆದರೆ ನನ್ನ ರಿಪೋರ್ಟ್‌ನಲ್ಲಿ ಎರಡು ಕಾಲಂ ಇರಲಿಲ್ಲ. ಒಂದು, ವಾಷರ್ ಕೊಳ್ಳಲು ಬಂದವನು ಜೊತೆಗೆ ಏನು ಕೊಂಡ. ನನ್ನ ಮೂವತ್ತು ಡಾಲರ್ ಬಿಲ್ಲನ್ನು ಸಾಫ್ಟ್‌ವೇರ್ ನಾಲ್ಕು ತುಂಡು ಮಾಡಿ ನಾಲ್ಕು ಇಲಾಖೆಗೆ ಹಾಕುತ್ತದೆ. ಮೆಣಸಿನ ಸಸಿ ಚೆನ್ನಾಗಿ ಓಡುತ್ತಿದೆ, ವಾಷರ್ ಓಡುತ್ತಿಲ್ಲ ಎಂದು ತೋರಿಸುತ್ತದೆ. ಆ ಸಸಿಯನ್ನು ಅಂಗಡಿಯೊಳಗೆ ಕರೆದದ್ದು ವಾಷರ್ ಎಂದು ಅದಕ್ಕೆ ಗೊತ್ತಿಲ್ಲ. ಇನ್ನೊಂದು, ಬರಿಗೈಯಲ್ಲಿ ಹೋದವನು. ಇಲ್ಲ ಅನ್ನಿಸಿಕೊಂಡು ಹಿಂದಿರುಗಿದ ಗಿರಾಕಿಗೆ ಬಿಲ್ ಇಲ್ಲ. ಬಿಲ್ ಇಲ್ಲದವನು ಡೇಟಾಬೇಸ್‌ನಲ್ಲಿ ಇಲ್ಲ. ಮೂರು ಸಲ ಇಲ್ಲ ಅನ್ನಿಸಿಕೊಂಡವನು ನಾಲ್ಕನೇ ಸಲ ಡ್ರಿಲ್ ಕೊಳ್ಳಲೂ ಬರುವುದಿಲ್ಲ. ಆಗ ಡ್ರಿಲ್ ಕೂಡ ನಿಧಾನಕ್ಕೆ ಹಳದಿಯಾಗುತ್ತದೆ. ನಮ್ಮ ರಿಪೋರ್ಟ್ ಅದನ್ನೂ ಪ್ರಾಮಾಣಿಕವಾಗಿ ತೋರಿಸುತ್ತಿತ್ತು.

ಒಂದು ಸಲ ಫೋನ್ ಮೀಟಿಂಗ್‌ನಲ್ಲಿ ಯಾವುದೋ ಊರಿನ ಅಂಗಡಿಯ ಮ್ಯಾನೇಜರ್ ಸಿಟ್ಟಾಗಿ ಹೇಳಿದ್ದ. "ಅದು ಮಾರಾಟವಾಗಲ್ಲ, ನಿಜ. ಅದು ನಮ್ಮಲ್ಲಿ ಇದೆ ಅಂತ ಜನ ಬರ್ತಾರೆ." ನಾವು ಮ್ಯೂಟ್ ಹಾಕಿಕೊಂಡು ನಕ್ಕಿದ್ದೆವು.

ಆರ್ಚರ್ಡ್ ಒಂದೇ ಅಲ್ಲ. ಟ್ರೂ ವ್ಯಾಲ್ಯೂ ಕಥೆ ಇನ್ನೂ ಇತ್ತೀಚಿನದು. ಇದು ಅಂಗಡಿಗಳ ಸರಪಳಿ ಅಲ್ಲ, ಸ್ವತಂತ್ರ ಹಾರ್ಡ್‌ವೇರ್ ಅಂಗಡಿಯವರೇ ಸೇರಿ ನಡೆಸುತ್ತಿದ್ದ ಸಗಟು ಸಹಕಾರ ಸಂಸ್ಥೆ. ಬೋರ್ಡ್ ಒಂದೇ, ಮಾಲೀಕರು ಊರೂರಿಗೆ ಬೇರೆ. 2018ರಲ್ಲಿ ಅದರ ಶೇ. 70 ಪಾಲನ್ನು ಏಕಾನ್ ಇನ್ವೆಸ್ಟ್‌ಮೆಂಟ್ಸ್ ಎಂಬ ಹೂಡಿಕೆ ಸಂಸ್ಥೆ ಕೊಂಡಿತು. ಅಂಗಡಿಯವರಿಗೆ ಅವರು ಹಾಕಿದ್ದ ಬಂಡವಾಳದ ಬಹುಪಾಲು ಕೈಗೆ ಬಂತು. ಬೇಡ ಅನ್ನುವುದು ಯಾರಿಗೂ ಕಷ್ಟ, ಅಲ್ವಾ? 2024ರ ಅಕ್ಟೋಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಸುಮಾರು 4,500 ಅಂಗಡಿಗಳು ಅದರಿಂದ ಸಾಮಾನು ತರಿಸುತ್ತಿದ್ದವು. ಅಂಗಡಿಗಳು ದಿವಾಳಿ ಆಗಿರಲಿಲ್ಲ, ಅವರ ಗೋದಾಮು ದಿವಾಳಿ ಆಗಿತ್ತು. ಆದರೆ ಬಾಗಿಲಲ್ಲಿ ನಿಂತ ಗಿರಾಕಿಗೆ ಆ ವ್ಯತ್ಯಾಸ ಹೇಗೆ ಹೇಳುವುದು? ಪೇಪರ್‌ನಲ್ಲಿ ಟ್ರೂ ವ್ಯಾಲ್ಯೂ ದಿವಾಳಿ ಎಂದು ಬಂದಿದೆ, ಇವರ ತಲೆಯ ಮೇಲಿನ ಬೋರ್ಡ್‌ನಲ್ಲೂ ಅದೇ ಹೆಸರಿದೆ. ಕೊನೆಗೆ ಅದನ್ನು 15.3 ಕೋಟಿ ಡಾಲರ್‌ಗೆ ಕೊಂಡವರು ಡು ಇಟ್ ಬೆಸ್ಟ್ ಎಂಬ ಇಂಡಿಯಾನಾದ ಸಂಸ್ಥೆ. ಅದೂ ಅಂಗಡಿಯವರದೇ ಸಹಕಾರ ಸಂಘ. ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದ ಹಾಗಾಯಿತು, ನಡುವಿನ ಆರು ವರ್ಷದ ಪೆಟ್ಟು ಮಾತ್ರ ಅಂಗಡಿಯವರ ಮೈಮೇಲೆ.

ಕ್ರಾಫ್ಟ್ಸ್‌ಮನ್ ಸ್ಪ್ಯಾನರ್‌ಗಳದ್ದು ಬೇರೆ ಬಗೆ. 1927ರಿಂದ ಸಿಯರ್ಸ್‌ನವರ ಬ್ರ್ಯಾಂಡ್. ಕೈ ಉಪಕರಣ ಮುರಿದರೆ ಅಂಗಡಿಗೆ ತನ್ನಿ, ಹೊಸದು ಕೊಡುತ್ತೇವೆ, ರಸೀದಿ ಬೇಡ, ಎಷ್ಟು ವರ್ಷವಾದರೂ ಸರಿ. ಇದು ಅವರ ಮಾತು. ಅಪ್ಪ ಕೊಂಡ ಸ್ಪ್ಯಾನರ್ ಅನ್ನು ಮಗ ಬದಲಿಸಿಕೊಂಡ ಕಥೆ ಅಮೆರಿಕದ ಪ್ರತಿ ಗ್ಯಾರೇಜಿನಲ್ಲೂ ಒಂದಿರುತ್ತದೆ. 2017ರಲ್ಲಿ ಸಿಯರ್ಸ್ ಈ ಬ್ರ್ಯಾಂಡನ್ನು ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿಗೆ ಮಾರಿತು. ಒಪ್ಪಂದದ ಒಟ್ಟು ಮೌಲ್ಯ ಸುಮಾರು 90 ಕೋಟಿ ಡಾಲರ್. ಮರುವರ್ಷ ಅಕ್ಟೋಬರ್‌ನಲ್ಲಿ ಸಿಯರ್ಸ್ ತಾನೇ ದಿವಾಳಿ ಕೋರ್ಟಿನಲ್ಲಿತ್ತು. ಹಳೆಯ ಗ್ಯಾರಂಟಿ ಉಳಿಸಿಕೊಳ್ಳುತ್ತೇವೆ ಎಂದು ಹೊಸ ಮಾಲೀಕರು ಹೇಳಿದರು. ಒಳ್ಳೆಯದೇ. ಆದರೆ ಲೈಫ್‌ಟೈಮ್ ಗ್ಯಾರಂಟಿ ಅಂದಾಗ ಯಾರ ಲೈಫು? ನನ್ನದಾ, ಸ್ಪ್ಯಾನರ್‌ನದಾ, ಅಂಗಡಿಯದಾ? ಮೂರನೆಯದು ಮೊದಲು ಮುಗಿಯಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ಗ್ಯಾರಂಟಿ ಅನ್ನುವುದು ಕಾಗದಕ್ಕಿಂತ ಜಾಸ್ತಿ ಒಂದು ಕೌಂಟರ್. ಬ್ರ್ಯಾಂಡ್ ಜೊತೆ ಆ ಕೌಂಟರ್ ಮಾರಾಟವಾಗಿರಲಿಲ್ಲ.

ನನ್ನದೇ ಒಂದು ಅನುಭವ ಹೇಳಬೇಕು. ಅಂಗಡಿಯ ಹೆಸರು ಬೇಡ. ಗ್ಯಾರೇಜ್ ಸೇಲ್‌ನಲ್ಲಿ ಹಳೆಯದೊಂದು ಡ್ರಿಲ್ ಪ್ರೆಸ್, ಅಂದರೆ ಕಂಬಕ್ಕೆ ಕೂರಿಸಿದ ತೂತು ಕೊರೆಯುವ ಮೆಷಿನ್, ತೆಗೆದುಕೊಂಡಿದ್ದೆ. ಎರಕದ ಕಬ್ಬಿಣ, ಎತ್ತಲು ಇಬ್ಬರು ಬೇಕು. ಹಳೆಯ ಮೆಷಿನ್‌ಗಳ ಪಾರ್ಟ್ ಮಾರುವ ಒಂದು ಸಣ್ಣ ಅಂಗಡಿ ಇತ್ತು, ಒಂದು ಕುಟುಂಬದವರದು. ಫೋನ್ ಮಾಡಿದರೆ ಒಬ್ಬ ಹೆಂಗಸು ಎತ್ತುತ್ತಿದ್ದರು. ಮೆಷಿನ್‌ನ ಬಣ್ಣ ಏನು ಎಂದು ಕೇಳಿ, ಆ ಬಣ್ಣದಿಂದಲೇ ಯಾವ ಕಾಲದ್ದು ಎಂದು ಹೇಳುತ್ತಿದ್ದರು. ಬೆಲ್ಟ್, ಸ್ಪ್ರಿಂಗ್, ಹಿಡಿಕೆ ಎಲ್ಲ ಅವರಿಂದಲೇ ತರಿಸಿದ್ದೆ. ಆಮೇಲೆ ಆ ಅಂಗಡಿಯನ್ನು ಒಂದು ದೊಡ್ಡ ಕಂಪನಿ ಕೊಂಡಿತು. ವೆಬ್‌ಸೈಟ್ ಚೆಂದವಾಯಿತು. ಫೋನ್ ನಂಬರ್ ಮಾಯವಾಯಿತು.

ಮುಂದಿನ ಸಲ ಮೇಲಿನ ಬೇರಿಂಗ್ ಕಿರುಗುಟ್ಟತೊಡಗಿದಾಗ ಹಳೆಯ ಪುಸ್ತಕದಲ್ಲಿದ್ದ ಪಾರ್ಟ್ ನಂಬರ್ ಹಾಕಿದೆ. ಈ ಸಾಮಾನು ಈಗ ಲಭ್ಯವಿಲ್ಲ ಎಂದು ಬಂತು. ಚಾಟ್‌ನಲ್ಲಿ ಕೇಳಿದರೆ ಹೊಸ ಡ್ರಿಲ್ ಪ್ರೆಸ್ ಒಂದರ ಲಿಂಕ್ ಕಳಿಸಿದರು. ನನಗೆ ಒಳಗೆ ಏನಾಗಿದೆ ಎಂದು ಅಂದಾಜಾಯಿತು, ಏಕೆಂದರೆ ನಾನೂ ಅದನ್ನು ಮಾಡಿದವನೇ. ಎರಡು ಕಂಪನಿಗಳ ಪಟ್ಟಿಯನ್ನು ಒಂದು ಮಾಡುವಾಗ ಎಲ್ಲ ಸಾಲುಗಳನ್ನೂ ಹೊಸ ವ್ಯವಸ್ಥೆಗೆ ತರುವುದಿಲ್ಲ. ಇಷ್ಟು ತಿಂಗಳು ಮಾರಾಟವಿಲ್ಲದ್ದನ್ನು ಅಲ್ಲೇ ಬಿಡು ಅನ್ನುತ್ತಾರೆ. ಹಳೆಯ ನಂಬರಿಗೆ ಹೊಸ ನಂಬರ್ ಯಾವುದು ಎಂಬ ಹೊಂದಿಕೆ ಹೆಚ್ಚಾಗಿ ಯಾರದೋ ತಲೆಯಲ್ಲಿ ಇರುತ್ತದೆ, ಇಲ್ಲವೇ ಎಣ್ಣೆ ಹತ್ತಿದ ಒಂದು ನೋಟ್‌ಬುಕ್‌ನಲ್ಲಿ. ನೋಟ್‌ಬುಕ್ ಅನ್ನು ಡೇಟಾಬೇಸ್‌ಗೆ ಇಳಿಸುವುದಕ್ಕೆ ಬಜೆಟ್ ಇರುವುದಿಲ್ಲ.

ಬೇಸರದಿಂದ ಬೇರಿಂಗ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ಅದ್ದಿ, ಗ್ರೀಸ್ ಒರೆಸಿ ನೋಡಿದೆ. ಅಂಚಿನಲ್ಲಿ ನಾಲ್ಕು ಅಂಕಿ ಇತ್ತು. 6203. ನಗು ಬಂತು. 6203 ಅಂದರೆ ಹದಿನೇಳು ಮಿಲಿಮೀಟರ್ ಒಳತೂತಿನ, ನಲವತ್ತು ಮಿಲಿಮೀಟರ್ ಹೊರವ್ಯಾಸದ, ಜಗತ್ತಿನಲ್ಲೆಲ್ಲ ಸಿಗುವ ಮಾಮೂಲಿ ಬೇರಿಂಗ್. ತಿಪಟೂರಿನ ಯಾವ ಮೋಟಾರ್ ಮೆಕ್ಯಾನಿಕ್‌ಗೆ ಕೇಳಿದರೂ ಜೇಬಿನಿಂದ ತೆಗೆದು ಕೊಡುವಂಥದ್ದು. ಆ ಹೆಂಗಸು ಇದ್ದಿದ್ದರೆ ನನಗೆ ಏನನ್ನೂ ಮಾರುತ್ತಿರಲಿಲ್ಲ. "ಅದು 6203 ಕಣಪ್ಪ, ಹತ್ತಿರದ ಅಂಗಡಿಯಲ್ಲಿ ತಗೋ" ಎಂಬ ಅರ್ಥದ ಮಾತು ಹೇಳಿ ಫೋನ್ ಇಡುತ್ತಿದ್ದರು. ಆ ಮಾತಿಗೆ ಬೆಲೆ ಹಾಕಿ ಖಾತೆಪುಸ್ತಕದಲ್ಲಿ ಬರೆಯುವುದು ಹೇಗೆ ಎಂದು ಕೊಂಡವರಿಗೂ ಗೊತ್ತಿರಲಿಲ್ಲ, ಬಹುಶಃ ಮಾರಿದವರಿಗೂ ಗೊತ್ತಿರಲಿಲ್ಲ.

ಕೊಳ್ಳುವವರೆಲ್ಲ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಮಿಲ್ವಾಕಿ ಉಪಕರಣಗಳ ಕಂಪನಿಯನ್ನು 2005ರಲ್ಲಿ ಹಾಂಗ್‌ಕಾಂಗ್‌ನ ಟೆಕ್‌ಟ್ರಾನಿಕ್ ಕೊಂಡಾಗ ಗೊಣಗಿದವರು ಈಗ ಅದೇ ಕೆಂಪು ಡ್ರಿಲ್ ಹಿಡಿದು ಓಡಾಡುತ್ತಾರೆ. ದುಡ್ಡು ಹೊಸ ಸಾಮಾನು ಮಾಡಲು ಹೋದರೆ ಹಾಗಾಗುತ್ತದೆ. ಕೊಳ್ಳುವವರೇ ಸಿಗದಿದ್ದರೆ ಮಕ್ಕಳಿಗೆ ಆಸಕ್ತಿ ಇಲ್ಲದ ಅಂಗಡಿ ಸುಮ್ನೆ ಮುಚ್ಚಿಹೋಗುತ್ತದೆ, ಅದೂ ನಿಜ. ಹೋಮ್ ಡಿಪೋ ಥರದ ದೈತ್ಯರ ಎದುರು ಆರ್ಚರ್ಡ್ ಸಾಲವಿಲ್ಲದೆಯೂ ಏದುಸಿರು ಬಿಡುತ್ತಿತ್ತು. ಮತ್ತೆ ನಾನು? ದೊಡ್ಡ ಸಾಮಾನನ್ನು ಎಲ್ಲಿ ಕೊಳ್ಳುತ್ತಿದ್ದೆ? ಮರ ಕೊಯ್ಯುವ ಟೇಬಲ್ ಸಾ ಆನ್‌ಲೈನ್‌ನಲ್ಲಿ ತರಿಸಿದ್ದೆ, ನಲವತ್ತು ಡಾಲರ್ ಉಳಿಯಿತು ಎಂದು. ಅದರ ಬೋಲ್ಟ್ ಕಳೆದಾಗ ಮಾತ್ರ ಮುದುಕನ ಬಳಿ ಓಡಿದ್ದೆ. ಅಂಗಡಿಯನ್ನು ಗೋದಾಮಿನ ಹಾಗೆ, ಅವನನ್ನು ಪುಕ್ಕಟೆ ಪುಸ್ತಕದ ಹಾಗೆ ಬಳಸಿದವರಲ್ಲಿ ನಾನೂ ಒಬ್ಬ. ಹಾಗಾಗಿ ನನ್ನ ಸಿಟ್ಟಿಗೆ ಪೂರ್ತಿ ಹಕ್ಕಿಲ್ಲ.

ಲೋವ್ಸ್‌ಗೆ ನಮ್ಮ ಬೆಂಗಳೂರಿನಲ್ಲೂ ದೊಡ್ಡ ಕಚೇರಿ ಇದೆ. ಅದು ಮಾತ್ರವಲ್ಲ, ಜಗತ್ತಿನ ಎಷ್ಟೋ ಅಂಗಡಿಗಳ ಸ್ಟಾಕ್ ಲೆಕ್ಕ ಈಗ ಔಟರ್ ರಿಂಗ್ ರೋಡಿನ ಆಸುಪಾಸಿನಲ್ಲೇ ಆಗುತ್ತದೆ. ಎಲ್ಲೋ ಓಹಾಯೋದ ರೈತನಿಗೆ ಬೇಕಾದ ಪಿನ್ ಕಪಾಟಿನಲ್ಲಿ ಇರಬೇಕೋ ಬೇಡವೋ ಎಂದು ಹೇಳುವ ಪ್ರೋಗ್ರಾಮನ್ನು ಹಾಸನದ ಹುಡುಗಿಯೋ ದಾವಣಗೆರೆಯ ಹುಡುಗನೋ ಬರೆದಿರಬಹುದು. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಆ ಎರಡು ಕಾಲಂ ಬಗ್ಗೆ ಒಮ್ಮೆ ನಿಮ್ಮ ಮ್ಯಾನೇಜರ್ ಹತ್ತಿರ ಮಾತಾಡಿ. ಮ್ಯೂಟ್ ಹಾಕಿಕೊಂಡು ನಗಬಹುದು, ಪರವಾಗಿಲ್ಲ.

ಆರ್ಚರ್ಡ್ ಮುಚ್ಚಿದ ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಕೆಲವು ಖಾಲಿ ಕಟ್ಟಡಗಳಲ್ಲಿ ಔಟ್‌ಡೋರ್ ಸಪ್ಲೈ ಹಾರ್ಡ್‌ವೇರ್ ಎಂಬ ಹೊಸ ಅಂಗಡಿಗಳು ಬಂದವು. ಇಂಗ್ಲಿಷಿನಲ್ಲಿ ಮೊದಲಕ್ಷರಗಳು ಅವೇ, ಓ ಎಸ್ ಎಚ್. ಜನ ಏನನ್ನು ಕಳೆದುಕೊಂಡಿದ್ದಾರೆ ಎಂದು ಯಾರೋ ಸರಿಯಾಗಿಯೇ ಅಂದಾಜು ಮಾಡಿದ್ದರು. ಅಷ್ಟರಲ್ಲಿ ನಾನು ಬೆಂಗಳೂರಿಗೆ ಹೊರಡುವ ತಯಾರಿಯಲ್ಲಿದ್ದೆ.

ಆರ್ಚರ್ಡ್‌ನ ಮುಚ್ಚುವ ಮಾರಾಟಕ್ಕೆ ಹೋಗಿದ್ದೆ, 2018ರ ಕೊನೆಯ ಭಾಗದಲ್ಲಿ. ಹಳದಿ ಕಪ್ಪು ಬ್ಯಾನರ್‌ಗಳು. ಮೊದಲು ಪವರ್ ಟೂಲ್‌ಗಳು ಖಾಲಿಯಾದವು, ಆಮೇಲೆ ಬಣ್ಣ, ಏಣಿ, ಹೂಕುಂಡ. ಕೊನೆಯ ದಿನಗಳಲ್ಲಿ ಉಳಿದದ್ದು ಡ್ರಾಯರ್‌ಗಳ ಆ ಗೋಡೆ. ಜನ ಬೊಗಸೆ ಬೊಗಸೆ ಬೋಲ್ಟ್ ತುಂಬಿಕೊಳ್ಳುತ್ತಿದ್ದರು. ಅಳತೆ ಯಾರೂ ನೋಡುತ್ತಿರಲಿಲ್ಲ. ನೆಲದ ಮೇಲೆಲ್ಲ ನಟ್ಟುಗಳು ಚೆಲ್ಲಿದ್ದವು, ಕಾಲಿಟ್ಟರೆ ಜಾರುತ್ತಿತ್ತು.

ಮುದುಕ ಅಲ್ಲೇ ಇದ್ದ. ಅದೇ ಏಪ್ರನ್. ನಾನು ಒಂದು ಹಿಡಿ ಬೋಲ್ಟ್ ತೆಗೆದು, ಬೇಡವೆನಿಸಿ, ಕೈಗೆ ಸಿಕ್ಕ ಡ್ರಾಯರ್‌ಗೆ ಹಾಕಲು ಹೋದೆ. ಅವನು ನನ್ನ ಕೈ ಹಿಡಿದು ನಿಲ್ಲಿಸಿದ. ಬೋಲ್ಟ್‌ಗಳನ್ನು ಅಂಗೈಗೆ ಹಾಕಿಕೊಂಡು, ಜೇಬಿನಿಂದ ಬೋಲ್ಟಿನ ತಿರುಪಿನ ಅಳತೆ ನೋಡುವ ಗೇಜ್ ತೆಗೆದು, ಒಂದೊಂದಾಗಿ ಒತ್ತಿ ನೋಡಿದ. ಆರು ಬೋಲ್ಟ್ ಮೇಲಿನ ಸಾಲಿಗೆ ಹೋದವು. ಒಂದು ಉಳಿಯಿತು. ಅದನ್ನು ಹಿಡಿದುಕೊಂಡು ಗೋಡೆಯ ಉದ್ದಕ್ಕೂ ನಡೆದು, ಮಂಡಿಯೂರಿ ಕೂತು, ಕೆಳಗಿನ ಸಾಲಿನ ಕೊನೆಯ ಡ್ರಾಯರ್ ಎಳೆದು ಒಳಗಿಟ್ಟ. ಆ ಡ್ರಾಯರ್‌ನಲ್ಲಿ ಬೇರೆ ಏನೂ ಇರಲಿಲ್ಲ.